ಕಕ್ಕಬ್ಬೆಯ ಗೀಸರ್ ಮತ್ತು 30 ವೋಲ್ಟಿನ ಲೆಕ್ಕ

ಜುಲೈ ಮಳೆಯಲ್ಲಿ ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಯಿಂದ ಫೋನ್ ಬಂತು. "ಅಣ್ಣ, ಕಾಟೇಜಿನ ಗೀಸರ್ ಮುಕ್ಕಾಲು ಗಂಟೆ ಹಾಕಿದ್ರೂ ನೀರು ಸರಿಯಾಗಿ ಕಾಯಲ್ಲ. ಎರಡು ಸಲ ಕಾಯಿಲ್ ಬದಲಾಯಿಸಿ ಆಯ್ತು, ಈಗ ಗೀಸರೇ ಹೋಗಿದೆ ಅಂತಾರೆ" ಅಂದರು ಮನೆಯ ಅಕ್ಕ. ಅಂಥ ಮಳೆಯಲ್ಲಿ ಬಂದವರಿಗೆ ಬಿಸಿನೀರು ಕೊಡಲಾಗದ ಸಂಕಟ ಅವರ ದನಿಯಲ್ಲೇ ಇತ್ತು.

ಗೀಸರಿನ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದಿತ್ತು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ 8.7 ಆಂಪ್ಸ್. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದರೆ ಕಾಯಿಲ್ಲಿನ ರೆಸಿಸ್ಟೆನ್ಸ್, ಸುಮಾರು 26.4 ಓಮ್. ಮೀಟರ್ ಹಚ್ಚುವ ಮೊದಲೇ ಈ ಎರಡು ಅಂಕಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ.

ಗೀಸರ್ ಆಫ್ ಇದ್ದಾಗ ಕಾಟೇಜಿನಲ್ಲಿ 228 ವೋಲ್ಟ್ ಬಂತು. ಹಿಂದೆ ಬಂದವರು ಇಷ್ಟನ್ನೇ ನೋಡಿ ಲೈನ್ ಸರಿ ಇದೆ ಎಂದಿದ್ದರು. ಕರೆಂಟ್ ಹರಿಯದಿದ್ದಾಗ ವಯರಿನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ. ಗೀಸರ್ ಆನ್ ಮಾಡಿದೆ, 228 ಇದ್ದದ್ದು 198ಕ್ಕೆ ಕುಸಿಯಿತು. ವಯರ್ ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲಾಂಪ್ ಮೀಟರನ್ನು ಫೇಸ್ ವಯರಿಗೆ ಮಾತ್ರ ಹಾಕಿದೆ (ಎರಡೂ ವಯರ್ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ), 7.5 ಆಂಪ್ಸ್. ಕಾಟೇಜಿಗೆ ಕರೆಂಟ್ ಹೊರಡುವ ದೊಡ್ಡ ಮನೆಯ ಬೋರ್ಡಿನ ಹತ್ತಿರ ನನ್ನ ಹುಡುಗ ಇನ್ನೊಂದು ಮೀಟರ್ ಹಿಡಿದು ನಿಂತಿದ್ದ. ಅದೇ ಹೊತ್ತಿಗೆ ಅಲ್ಲಿ 228.

198 ಭಾಗಿಸು 7.5, ಅಂದರೆ 26.4 ಓಮ್. ಕಾಯಿಲ್ ಪೂರ್ತಿ ಸರಿ ಇದೆ! ಆದರೆ 198 ಗುಣಿಸು 7.5 ಎಂದರೆ 1485 ವ್ಯಾಟ್ ಮಾತ್ರ. ವೋಲ್ಟೇಜ್ ಕಮ್ಮಿಯಾದರೆ ಆಂಪ್ಸೂ ಕಮ್ಮಿಯಾಗುತ್ತದೆ, ಹಾಗಾಗಿ ಪವರಿಗೆ ಎರಡು ಕಡೆಯಿಂದ ಹೊಡೆತ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ತರಲು 2000 ವ್ಯಾಟಿಗೆ ಸುಮಾರು 35 ನಿಮಿಷ ಬೇಕು, 1485ಕ್ಕೆ 47 ನಿಮಿಷ. ಅಕ್ಕ ಹೇಳಿದ ಮುಕ್ಕಾಲು ಗಂಟೆ ಇದೇ.

ಉಳಿದ 30 ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು. 30 ಭಾಗಿಸು 7.5, ವಯರಿನ ರೆಸಿಸ್ಟೆನ್ಸ್ 4 ಓಮ್. 225 ವ್ಯಾಟ್ ಕಾಫಿ ಗಿಡಗಳ ಮೇಲೆ ಬರೀ ಶಾಖವಾಗಿ ಹೋಗುತ್ತಿದೆ. ದೊಡ್ಡ ಮನೆಯಿಂದ ಕಾಟೇಜಿಗೆ ಹೆಜ್ಜೆ ಹಾಕಿ ಅಳೆದರೆ 150 ಮೀಟರ್ ದೂರ, ಹೋಗಿ ಬರುವ ವಯರ್ 300 ಮೀಟರ್. ಅಲ್ಲಿ ಎಳೆದಿದ್ದ 1.5 ಸ್ಕ್ವೇರ್ ಎಂಎಂ ತಾಮ್ರದ ವಯರಿಗೆ ಕಿಲೋಮೀಟರಿಗೆ 12.1 ಓಮ್, ಇಲ್ಲಿಗೆ 3.6 ಆಯಿತು. ಇನ್ನೂ 0.4 ಎಲ್ಲಿ?

ಮೇನ್ ಆಫ್ ಮಾಡಿ ವಯರಿನ ಜಾಡು ಹಿಡಿದು ಹೊರಟೆವು. ಮೂರನೇ ಸಿಲ್ವರ್ ಓಕ್ ಮರದಲ್ಲಿ ಸಿಕ್ಕಿತು: ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ಟೇಪ್ ಕರಿಕಲಾಗಿ ಗಟ್ಟಿಯಾಗಿತ್ತು. ಬಿಡಿಸಿದರೆ ಒಳಗಿನ ತಾಮ್ರ ಹಸಿರುಗಟ್ಟಿ, ಎರಡು ಇಂಚು ಇನ್ಸುಲೇಷನ್ ಕರಗಿ ಅಂಟಿಕೊಂಡಿತ್ತು. 0.4 ಓಮ್ ಅಂದರೆ ಏನೂ ಅಲ್ಲ ಅನಿಸಬಹುದು. 7.5 ಆಂಪ್ಸಿಗೆ ಆ ಒಂದು ಗಂಟಿನಲ್ಲಿ 22 ವ್ಯಾಟ್ ಶಾಖ, ಅದೂ ಒದ್ದೆ ಮರದ ಮೇಲೆ. ಗೀಸರಿಗಿಂತ ಇದು ನನ್ನನ್ನು ಹೆದರಿಸಿತು.

ತೋಟದ ಮೋಟರಿಗೆ ಮಾತ್ರ ವೋಲ್ಟ್ ಭಾಗಿಸು ಆಂಪ್ಸ್ ಎಂದು ಕಾಯಿಲ್ ರೆಸಿಸ್ಟೆನ್ಸ್ ತೆಗೆಯಲು ಹೋಗಬೇಡಿ. ಅಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ (ಪವರ್ ಫ್ಯಾಕ್ಟರ್ ಅನ್ನುವುದು ಇದರ ಲೆಕ್ಕವೇ), ಭಾಗಿಸಿ ಬಂದ ಅಂಕಿ ಬರೀ ಕಾಯಿಲ್ಲಿನದಾಗಿರುವುದಿಲ್ಲ.

ಕಾಟೇಜಿಗೆ ಹಳೆಯದರ ಬದಲು 6 ಸ್ಕ್ವೇರ್ ಎಂಎಂನ ದಪ್ಪ ವಯರನ್ನು ನಡುವೆ ಒಂದೂ ಜಾಯಿಂಟ್ ಇಲ್ಲದೆ ಎಳೆದೆವು. ಅದೇ ಗೀಸರ್, ಅದೇ ಕಾಯಿಲ್: 220 ವೋಲ್ಟ್, 8.3 ಆಂಪ್ಸ್, 1826 ವ್ಯಾಟ್.