ಕಾಸರಗೋಡಿನ ಕನ್ನಡ ಮನೆಗಳಿಗೆ ಎಂಬಿಬಿಎಸ್ ಲೆಕ್ಕ: ಸೀಟು, ಸಾಲ, ಬಡ್ಡಿ

ನೀಟ್ ಫಲಿತಾಂಶ ಬಂದ ವಾರ ನಮ್ಮ ಕಡೆಯ ಮನೆಗಳಲ್ಲಿ ಒಂದೇ ಮಾತು, ಸೀಟು ಸಿಗ್ತದಾ? ದುಡ್ಡು ಎಷ್ಟು ಬೇಕು ಎಂಬ ಮಾತು ಅದರ ಮಾರನೇ ವಾರ ಬರುತ್ತದೆ. ಅಷ್ಟು ಹೊತ್ತಿಗೆ ಕಡಿಮೆ ಖರ್ಚಿನ ಒಂದೆರಡು ದಾರಿ ಮುಚ್ಚಿಯೇ ಹೋಗಿರುತ್ತದೆ. ಸಾಲ ಎಷ್ಟಾಗುತ್ತದೆ ಎಂಬುದು ಬ್ಯಾಂಕ್ ಮ್ಯಾನೇಜರ ಮೇಜಿನ ಮೇಲೆ ತೀರ್ಮಾನ ಆಗುವುದಿಲ್ಲ. ಎಷ್ಟೋ ತಿಂಗಳು ಮೊದಲೇ, ಅಕ್ಷಯ ಎಂಬ ಕೇರಳದ ಆನ್‌ಲೈನ್ ಸೇವಾ ಕೇಂದ್ರದಲ್ಲಿ ತುಂಬುವ ಅರ್ಜಿಯಲ್ಲಿ ಮತ್ತು ವಿಲೇಜ್ ಆಫೀಸಿನಿಂದ ತರುವ ಸರ್ಟಿಫಿಕೆಟಿನಲ್ಲಿ ಆಗುತ್ತದೆ.

1956ರಿಂದ ನಾವು ಕೇರಳದವರು. ಮನೆಮಾತು ಕನ್ನಡವೋ ತುಳುವೋ, ಆಫೀಸಿನ ಕಾಗದ ಮಲಯಾಳದ್ದು. ಇದರಿಂದ ಆಗುವ ಕಷ್ಟ ಎಲ್ಲರಿಗೂ ಗೊತ್ತು. ಆದರೆ ಎಂಬಿಬಿಎಸ್ ವಿಷಯದಲ್ಲಿ ಗಡಿಯಲ್ಲಿ ಇರುವುದರಿಂದ ಒಂದು ಲಾಭವೂ ಉಂಟು. ಎರಡು ರಾಜ್ಯಗಳ ಬಾಗಿಲು ತಟ್ಟಬಹುದು. ಎರಡನ್ನೂ ತಟ್ಟುವ ಮನೆಗಳು ಮಾತ್ರ ಕಡಿಮೆ.

ಮೊದಲು ಕೇರಳದ್ದು. ನೀಟ್ ಬರೆದರೆ ಸಾಕು, ರ‍್ಯಾಂಕ್ ಬಂದಮೇಲೆ ನೋಡೋಣ ಎಂದು ಸುಮ್ನೆ ಕೂತರೆ ಕೆಟ್ಟಿತು. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ ಕರೆಯುವ ಕೀಮ್ ಅರ್ಜಿಯನ್ನು ಮೆಡಿಕಲ್ ಬೇಕಾದವರೂ ಹಾಕಲೇಬೇಕು. ಅದರ ಗಡುವು ಸಾಮಾನ್ಯವಾಗಿ ನೀಟ್ ಪರೀಕ್ಷೆಗಿಂತ ಮೊದಲೇ ಮುಗಿಯುತ್ತದೆ. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದು, ಕೀಮ್ ಅರ್ಜಿ ಇಲ್ಲದ ಮಗುವಿಗೆ ಕೇರಳದ ರಾಜ್ಯ ಕೋಟಾದ ಸೀಟು ಕನ್ನಡಿಯೊಳಗಿನ ಗಂಟು. ಮಂಗಳೂರಲ್ಲೋ ಪುತ್ತೂರಲ್ಲೋ ಪಿಯುಸಿ ಓದಿದ ಮಕ್ಕಳ ಮನೆಯಲ್ಲಿ ಇದು ಜಾಸ್ತಿ ಆಗುತ್ತದೆ. ಅಲ್ಲಿನ ಕಾಲೇಜಿನವರು ಕರ್ನಾಟಕದ ಅರ್ಜಿ ನೆನಪಿಸುತ್ತಾರೆ, ಕೇರಳದ್ದನ್ನು ಯಾರೂ ನೆನಪಿಸುವುದಿಲ್ಲ. ಕರ್ನಾಟಕದಲ್ಲಿ ಪಿಯುಸಿ ಮಾಡಿದ ಮಾತ್ರಕ್ಕೆ ಕೇರಳದ ಹಕ್ಕು ಹೋಗುವುದಿಲ್ಲ. ಮಗು ಅಥವಾ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಕೇರಳದಲ್ಲಿ ಹುಟ್ಟಿದ್ದಕ್ಕೆ ದಾಖಲೆ ಇದ್ದರೆ ಕೇರಳೀಯರೇ.

ಈ ದಾಖಲೆಯ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಶಾಲೆಯ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದ ಹೆಸರು, ಆಧಾರಿನಲ್ಲಿ ಇಂಗ್ಲಿಷಿನ ಹೆಸರು, ರೇಶನ್ ಕಾರ್ಡಿನಲ್ಲಿ ಮಲಯಾಳದ ಹೆಸರು, ಈ ಮೂರೂ ಒಂದೇ ಥರ ಇರುವ ಮನೆ ನಮ್ಮಲ್ಲಿ ಅಪರೂಪ. ಒಂದರಲ್ಲಿ ‘ಭಟ್’, ಇನ್ನೊಂದರಲ್ಲಿ ‘ಭಟ್ಟ’, ಮತ್ತೊಂದರಲ್ಲಿ ಮನೆಹೆಸರು ಮೊದಲು. ಅಪ್ಪನ ಹೆಸರಿನ ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಪ್ಲಸ್ ಟು ಶುರುವಾಗುವ ವರ್ಷವೇ ಇವನ್ನೆಲ್ಲ ಮೇಜಿನ ಮೇಲೆ ಹರವಿ ಹೋಲಿಸಿ ನೋಡಿ. ಬೇಕಿದ್ದರೆ ಬೇರೆ ಬೇರೆ ಥರ ಬರೆದ ಹೆಸರು ಒಬ್ಬರದ್ದೇ ಎಂಬ ಸರ್ಟಿಫಿಕೆಟನ್ನು ವಿಲೇಜ್ ಆಫೀಸಿನಿಂದ ತೆಗೆದಿಡಿ. ಆದಾಯ, ಜಾತಿ, ನೇಟಿವಿಟಿ ಎಲ್ಲ ಅಕ್ಷಯದ ಮೂಲಕವೇ ಅರ್ಜಿ ಹೋಗುತ್ತದೆ. ಇದೇ ಕಾಗದಗಳನ್ನು ಮುಂದೆ ಬ್ಯಾಂಕೂ ಕೇಳುತ್ತದೆ.

ಫೀಸಿನ ಅಂತರ ನೋಡಿ. ಕೇರಳದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವರ್ಷದ ಟ್ಯೂಷನ್ ಫೀಸು ಸಾವಿರಗಳ ಲೆಕ್ಕದ್ದು. ಸಾಲವೇ ಬೇಡ, ಹಾಸ್ಟೆಲ್ಲು ಪುಸ್ತಕ ನೋಡಿಕೊಂಡರಾಯಿತು. ಸ್ವಾಶ್ರಯ ಎಂದು ಕರೆಯುವ ಖಾಸಗಿ ಕಾಲೇಜಿನ ಮೆರಿಟ್ ಸೀಟಿಗೆ ವರ್ಷಕ್ಕೆ ಸುಮಾರು ಏಳೆಂಟು ಲಕ್ಷ. ಅಲ್ಲಿನ 15 ಶೇಕಡಾ ಎನ್‌ಆರ್‌ಐ ಸೀಟಿಗೆ ಇಪ್ಪತ್ತು ಲಕ್ಷದ ಮೇಲೆ. ಅದೇ ಡಿಗ್ರಿ, ಅದೇ ರಿಜಿಸ್ಟ್ರೇಷನ್.

ನಮ್ಮ ಜಿಲ್ಲೆಗೇ ಈಗ ಒಂದು ಸರ್ಕಾರಿ ಕಾಲೇಜು ಬಂದಿದೆ. ಬದಿಯಡ್ಕದ ಹತ್ತಿರ ಉಕ್ಕಿನಡ್ಕದಲ್ಲಿ 2013ರಲ್ಲಿ ಕಲ್ಲು ಹಾಕಿದ್ದು, ಎಂಬಿಬಿಎಸ್‌ಗೆ 50 ಸೀಟು ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ ಕಾದೆವು. ಆಸ್ಪತ್ರೆ ಇನ್ನೂ ಬೆಳೆಯಬೇಕು, ನಿಜ. ಹಾಗಂತ ಬೇಕಾದ ಕಾಲೇಜುಗಳ ಆಪ್ಷನ್ ಪಟ್ಟಿ ಕೊಡುವಾಗ ಅದನ್ನು ಕೆಳಗೆ ತಳ್ಳಿ ಖಾಸಗಿ ಕಾಲೇಜನ್ನು ಮೇಲೆ ಹಾಕುವವರಿಗೆ ನಾನು ಹೇಳುವುದಿಷ್ಟೇ: ಆ ಒಂದು ಸಾಲಿನ ಬೆಲೆ ಮೂವತ್ತು ಲಕ್ಷಕ್ಕಿಂತ ಜಾಸ್ತಿ.

ಕೊರಗ, ಮರಾಟಿ ಮೊದಲಾದ ಪರಿಶಿಷ್ಟ ವರ್ಗದ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇರಳದ ಇ-ಗ್ರಾಂಟ್ಸ್ ಎಂಬ ವಿದ್ಯಾರ್ಥಿ ಸಹಾಯ ಯೋಜನೆಯ ಮೂಲಕ ಫೀಸು ಸರ್ಕಾರವೇ ಕಟ್ಟುತ್ತದೆ. ಹಿಂದುಳಿದ ವರ್ಗದವರಿಗೂ ಆದಾಯ ನೋಡಿ ಸಹಾಯ ಉಂಟು. ಕಾಲೇಜಿಗೆ ಸೇರಿದ ಕೂಡಲೇ ಆಫೀಸಿನಲ್ಲಿ ಕೇಳಿ ಅರ್ಜಿ ಹಾಕಿಸಿ. ಆದರೆ ಒಂದು ಎಚ್ಚರ. ಕೇರಳದ ಜಾತಿ ಸರ್ಟಿಫಿಕೆಟು ತಲಪಾಡಿ ಗಡಿ ದಾಟಿದರೆ ಕರ್ನಾಟಕದ ರಾಜ್ಯ ಕೋಟಾದಲ್ಲಿ ನಡೆಯುವುದಿಲ್ಲ.

ಇನ್ನು ಕರ್ನಾಟಕದ ಬಾಗಿಲು. ಅಲ್ಲಿನ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಗಡಿನಾಡು ಕನ್ನಡಿಗರಿಗೆ ಬೇರೆಯೇ ಒಂದು ಅರ್ಹತೆ ಇಟ್ಟಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದವರು ಇದರಲ್ಲಿ ಬರುತ್ತಾರೆ. ತಾಯ್ನುಡಿ ಕನ್ನಡವೇ ಆಗಬೇಕೆಂದಿಲ್ಲ, ತುಳು, ಕೊಡವ, ಬ್ಯಾರಿಯೂ ನಡೆಯುತ್ತದೆ. ಅಲ್ಲೇ ವಾಸ ಇದ್ದದ್ದಕ್ಕೆ, ಓದಿದ್ದಕ್ಕೆ ದಾಖಲೆ ಬೇಕು. ಜೊತೆಗೆ ನಾಲ್ಕನೇ ಕ್ಲಾಸಿನ ಮಟ್ಟದ ಒಂದು ಕನ್ನಡ ಪರೀಕ್ಷೆ. 50ಕ್ಕೆ 12 ಬಂದರೆ ಪಾಸು. ನಮ್ಮವರಿಗೆ ಹತ್ತಿರದ ಕೇಂದ್ರ ಮಂಗಳೂರು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಆಟ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಮನೆಯಲ್ಲಿ ತುಳು ಮಾತಾಡಿ, ಎರಡನೇ ಭಾಷೆ ಮಲಯಾಳ ತೆಗೆದುಕೊಂಡವರು ಮಾತ್ರ ಒತ್ತಕ್ಷರ ಸ್ವಲ್ಪ ತಿದ್ದಿಕೊಂಡು ಹೋಗಲಿ.

ಯಾವ ಕೋರ್ಸಿಗೆ, ಯಾವ ಬಗೆಯ ಸೀಟಿಗೆ ಈ ಅರ್ಹತೆ ನಡೆಯುತ್ತದೆ ಎಂಬುದನ್ನು ಆಯಾ ವರ್ಷದ ಕೆಇಎ ಬ್ರೋಷರಿನಲ್ಲೇ ಓದಿ. ಹೋದ ವರ್ಷ ಪಕ್ಕದ ಮನೆಯವರಿಗೆ ಆಯಿತು ಎಂಬ ಮಾತು ಲೆಕ್ಕಕ್ಕಿಲ್ಲ. ಶ್ರಮ ಪಡುವುದು ಯಾಕೆ ಅಂದರೆ, ಕರ್ನಾಟಕದ ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟುಗಳಿವೆ, ಅವಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಅಷ್ಟೆ. ಅದೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತ ಖಾಸಗಿ ಕೋಟಾದ ಹುಡುಗ ಹತ್ತು ಲಕ್ಷದ ಮೇಲೆ ಕಟ್ಟಿರುತ್ತಾನೆ.

ಹೇಳುವ ಮಾತಿಗೆ ಇನ್ನೊಂದು: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರ ಹಾಕಿದರೆ ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳ. ಕನ್ನಡ ಪತ್ರಿಕೆ ಬೇಕಾದವರು ಮಂಗಳೂರನ್ನೇ ಹಾಕಬೇಕು.

ದೇರಳಕಟ್ಟೆಯ ಕಾಲೇಜುಗಳು ಮಂಜೇಶ್ವರದವರಿಗೆ ಮನೆಯ ಹಿತ್ತಲಲ್ಲೇ ಇದ್ದ ಹಾಗೆ. ಮನೆಯಿಂದಲೇ ಹೋಗಿ ಬರಬಹುದಲ್ವಾ ಎಂದು ಡೀಮ್ಡ್ ಯೂನಿವರ್ಸಿಟಿಯ ಸೀಟು ಹಿಡಿಯುವವರು ಇದ್ದಾರೆ. ಡೀಮ್ಡ್ ಸೀಟಿಗೆ ರಾಜ್ಯದ ಪ್ರಶ್ನೆ ಇಲ್ಲ, ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ, ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಫೀಸು ವರ್ಷಕ್ಕೆ ಹದಿನೈದು ಲಕ್ಷ ದಾಟುವುದು ಮಾಮೂಲು. ಹಾಸ್ಟೆಲಿನಲ್ಲಿ ಉಳಿಸಿದ ಲಕ್ಷ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ‘ಸೀಟು ಬ್ಲಾಕ್ ಮಾಡಿಸಿ ಕೊಡ್ತೇನೆ’ ಎಂದು ಫೋನು ಮಾಡುವ ಏಜೆಂಟರ ಮಾತನ್ನು ಅಲ್ಲಿಗೇ ಮುಗಿಸಿ. ಎಂಬಿಬಿಎಸ್ ಸೀಟೆಲ್ಲ ಕೌನ್ಸೆಲಿಂಗ್ ಮೂಲಕವೇ ಹೋಗಬೇಕು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಫೀಸು ಇಲ್ಲ, ಓದಿದ ಮೇಲೆ ಸೇನೆಯಲ್ಲಿ ಸೇವೆ ಮಾಡಬೇಕು. ಅದಕ್ಕೂ ಎಂಸಿಸಿಯಲ್ಲೇ ಹೆಸರು ಕೊಡಬೇಕು, ನಮ್ಮ ಕಡೆಯವರು ಯಾಕೋ ಅತ್ತ ನೋಡುವುದೇ ಇಲ್ಲ.

ಈಗ ಬ್ಯಾಂಕು. ದೇಶದ ಬ್ಯಾಂಕುಗಳು ಸಾಮಾನ್ಯವಾಗಿ ಒಂದೇ ಮಾದರಿ ಯೋಜನೆಯಂತೆ ಶೈಕ್ಷಣಿಕ ಸಾಲ ಕೊಡುತ್ತವೆ. ಏಳೂವರೆ ಲಕ್ಷದ ತನಕ ಜಾಗದ ಅಡಮಾನ ಇಲ್ಲ. ಅದರ ಮೇಲೆ ಹೋದರೆ ಜಾಗವೋ ಡಿಪಾಸಿಟ್ಟೋ ಕೇಳುತ್ತಾರೆ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ, ಆಮೇಲೆ ಹದಿನೈದು ವರ್ಷದ ತನಕ ಅವಧಿ ಸಿಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಎಂಬ ಯೋಜನೆ ತಂದಿತು. ಪಟ್ಟಿಯಲ್ಲಿರುವ ಕಾಲೇಜಿಗೆ ಮೆರಿಟ್‌ನಲ್ಲಿ ಸೇರಿದವರಿಗೆ ಅಡಮಾನವೂ ಬೇಡ, ಜಾಮೀನೂ ಬೇಡ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ, 10 ಲಕ್ಷದ ತನಕದ ಸಾಲಕ್ಕೆ, ಓದುವ ಕಾಲದ ಬಡ್ಡಿಯಲ್ಲಿ 3 ಶೇಕಡಾ ಸರ್ಕಾರ ಹಾಕುತ್ತದೆ. ಆದರೆ ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗಷ್ಟೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಪೂರ್ತಿ ಬಡ್ಡಿಯ ಸಹಾಯ ಕೊಡುವ ಬೇರೆ ಯೋಜನೆ ಉಂಟು. ಮ್ಯಾನೇಜ್‌ಮೆಂಟ್ ಸೀಟಿಗೆ ಇವು ಯಾವುದೂ ಇಲ್ಲ. ಹೊಸ ಕಾಲೇಜು ಪಟ್ಟಿಯಲ್ಲಿ ಇದೆಯಾ ಎಂದು ಪೋರ್ಟಲಿನಲ್ಲಿ ಮೊದಲೇ ನೋಡಿಕೊಳ್ಳಿ.

ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 2 ಲಕ್ಷದ ಹಾಗೆ ಐದು ವರ್ಷ, ಒಟ್ಟು 10 ಲಕ್ಷ ಸಾಲ, ಬಡ್ಡಿ 10 ಶೇಕಡಾ ಅಂತ ಇಟ್ಟುಕೊಳ್ಳಿ. ಎಂಬಿಬಿಎಸ್ ಹೌಸ್ ಸರ್ಜೆನ್ಸಿ (ಇಂಟರ್ನ್‌ಶಿಪ್) ಸೇರಿ ಐದೂವರೆ ವರ್ಷ, ಮೇಲೆ ಒಂದು ವರ್ಷ ಬಿಡುವು. ಮೊದಲ ವರ್ಷ ತೆಗೆದ 2 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ, ಹೀಗೆ ಕೂಡಿಸಿದರೆ ಬಡ್ಡಿಯೇ ನಾಲ್ಕೂವರೆ ಲಕ್ಷ. ಅದೂ ಸರಳ ಬಡ್ಡಿಯಲ್ಲಿ. ಕಂತು ಶುರುವಾಗುವ ದಿನ ಸಾಲ 10 ಲಕ್ಷ ಅಲ್ಲ, ಹದಿನಾಲ್ಕೂವರೆ ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 19,160 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದಿದ್ದರೆ 13,215.

ಓದುವಾಗ ಬಡ್ಡಿ ಕಟ್ಟುವುದು ಅಂದರೆ ಮೊದಲ ವರ್ಷ ತಿಂಗಳಿಗೆ 1,670 ರೂಪಾಯಿ ಸಾಕು. ಐದನೇ ವರ್ಷಕ್ಕೆ ಅದು 8,330 ಆಗುತ್ತದೆ. ಹೌಸ್ ಸರ್ಜನ್ ಆದಾಗ ಸಿಗುವ ಸ್ಟೈಪೆಂಡಿನಲ್ಲಿ ಅದನ್ನು ಮಗುವೇ ಕಟ್ಟಬಹುದು. ಹೀಗೆ ಕಟ್ಟುವವರಿಗೆ ಎಷ್ಟೋ ಬ್ಯಾಂಕುಗಳು ಬಡ್ಡಿದರದಲ್ಲಿ 1 ಶೇಕಡಾ ಕಡಿಮೆ ಮಾಡುತ್ತವೆ, ಹುಡುಗಿಯರಿಗೆ ಅರ್ಧ ಶೇಕಡಾ ಬೇರೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಜಾಗ ಅಡಮಾನ ಇಡುವವರಿಗೆ ದೊಡ್ಡ ತೊಡಕು ಪಾಲಾಗದ ತರವಾಡು (ಕೂಡುಕುಟುಂಬದ) ಜಾಗ. ತೋಟ ನೋಡಿಕೊಳ್ಳುವುದು ನೀವೇ ಇರಬಹುದು. ಆಧಾರದಲ್ಲಿ, ಅಂದರೆ ಜಾಗದ ನೋಂದಣಿ ಪತ್ರದಲ್ಲಿ, ಅಣ್ಣಂದಿರು, ಅಕ್ಕಂದಿರು, ಮುಂಬೈಯಲ್ಲಿರುವ ಚಿಕ್ಕಪ್ಪ, ಎಲ್ಲರ ಹೆಸರೂ ಇದ್ದರೆ ಎಲ್ಲರ ಸಹಿ ಬೇಕು. ಬ್ಯಾಂಕಿನ ವಕೀಲರು ಹಳೆಯ ಆಧಾರ, ಪೊಸೆಶನ್ ಸರ್ಟಿಫಿಕೆಟ್, ಲೊಕೇಶನ್ ಸ್ಕೆಚ್, ಈ ವರ್ಷದ ತೆರಿಗೆ ರಶೀದಿ ಎಲ್ಲ ಕೇಳುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಫೀಸು ಕಟ್ಟಲು ಕಾಲೇಜು ಕೊಡುವುದು ಕೆಲವೇ ದಿನ. ಜಾಗದ ಕೆಲಸ ಪ್ಲಸ್ ಟು ವರ್ಷದಲ್ಲೇ ಶುರು ಮಾಡಿ. ಗಲ್ಫಿನಲ್ಲಿರುವ ಅಪ್ಪ ಸಹ-ಸಾಲಗಾರನಾದರೆ ಸಂಬಳದ ಸರ್ಟಿಫಿಕೆಟ್, ವೀಸಾ ಪ್ರತಿ, ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್, ಊರಲ್ಲಿ ಸಹಿ ಹಾಕುವವರಿಗೆ ಪವರ್ ಆಫ್ ಅಟಾರ್ನಿ ಬೇಕು. ರಜೆಗೆ ಬಂದಾಗಲೇ ಮಾಡಿಸಿಟ್ಟರೆ ಒಳ್ಳೆಯದು.

ಫೀಸಿನ ಮೊದಲ ಕಂತಿಗೆ ಚಿನ್ನ ಇಡುವುದು ನಮ್ಮಲ್ಲಿ ರೂಢಿ. ಬ್ಯಾಂಕ್ ಸಾಲ ಬರುವ ತನಕ, ಎರಡು ಮೂರು ತಿಂಗಳಿಗಾದರೆ ತಪ್ಪಿಲ್ಲ. ಐದು ವರ್ಷದ ಫೀಸಿಗೆ ವರ್ಷ ವರ್ಷ ತಿರುಗಿಸಿ ಇಡುವ ಚಿನ್ನ ಕೊನೆಗೆ ಮನೆಗೆ ಬರುವುದು ಕಷ್ಟ. ಕೇರಳ ಸರ್ಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ ನಡೆಸುವ ಚಿಟ್ಟಿಯದ್ದು (ಚೀಟಿ) ಬೇರೆ ಕಥೆ. ಮಗು ಎಂಟನೇ ಕ್ಲಾಸಿನಲ್ಲಿರುವಾಗ ಸೇರಿ ಕೊನೆಗೆ ತೆಗೆದರೆ ಅದು ಉಳಿತಾಯ. ಫೀಸಿನ ಗಡಿಬಿಡಿಯಲ್ಲಿ ಸೇರಿ ಮೊದಲ ತಿಂಗಳುಗಳಲ್ಲೇ 30 ಶೇಕಡಾ ತಗ್ಗಿಸಿ ಹಿಡಿದರೆ 10 ಲಕ್ಷದ ಚಿಟ್ಟಿಯಲ್ಲಿ ಕೈಗೆ ಬರುವುದು 7 ಲಕ್ಷ, ಅದಕ್ಕೂ ಜಾಮೀನು ಕೊಡಬೇಕು. ಇನ್ನು ಆದಾಯ ತೆರಿಗೆಯಲ್ಲಿ ಬಡ್ಡಿ ಕಳೆಯುವ ಅವಕಾಶ, ಜನ 80ಇ ಎಂದು ಹೇಳುವುದು, ಬ್ಯಾಂಕಿನ ಶೈಕ್ಷಣಿಕ ಸಾಲಕ್ಕೆ ಉಂಟು. ಚಿನ್ನಕ್ಕೂ ಚಿಟ್ಟಿಗೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಎಂಟು ವರ್ಷ ಸಿಗುತ್ತದೆ.

ಸಾಲ ತೀರಿಸುವ ಕಾಲಕ್ಕೆ ಹೆಚ್ಚಿನವರು ಪಿಜಿ ತಯಾರಿಯಲ್ಲಿ ಇರುತ್ತಾರೆ. ಸಂಬಳ ಇಲ್ಲ, ಕಂತು ಶುರು. ಆ ಹೊತ್ತಿಗೆ ಬ್ಯಾಂಕಿಗೆ ಮೊದಲೇ ಹೋಗಿ ಹೇಳಬೇಕು. ಮೂರು ತಿಂಗಳು ಕಟ್ಟದೆ ಹೋದರೆ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆಗುತ್ತದೆ; ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಕೆಡುವುದು ಮಗುವಿನದ್ದೂ ಹೌದು, ಅಪ್ಪನದ್ದೂ ಹೌದು. ಅಪ್ಪನ ಬೆಳೆಸಾಲ ಮುಂದಿನ ವರ್ಷ ನವೀಕರಿಸಲು ಹೋದಾಗ ಅದು ಗೊತ್ತಾಗುತ್ತದೆ. ಮೊದಲೇ ಹೋದರೆ ಅವಧಿ ಉದ್ದ ಮಾಡಿ ಕಂತು ಇಳಿಸುವ ದಾರಿ ಕೇಳಬಹುದು. ನಮ್ಮ ಲೆಕ್ಕದ ಹದಿನಾಲ್ಕೂವರೆ ಲಕ್ಷಕ್ಕೆ ಹದಿನೈದು ವರ್ಷ ಮಾಡಿಸಿದರೆ ತಿಂಗಳಿಗೆ 15,580ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು ಮಾತ್ರ 23 ಲಕ್ಷದಿಂದ 28 ಲಕ್ಷಕ್ಕೆ ಏರುತ್ತದೆ. ಶೈಕ್ಷಣಿಕ ಸಾಲವನ್ನು ಅವಧಿಗೆ ಮೊದಲು ಕಟ್ಟಿದರೆ ದಂಡ ಇಲ್ಲ. ಹಾಗಾಗಿ ಅಡಕೆಯ ದುಡ್ಡಿನಲ್ಲಿ ಬದುಕುವ ಮನೆಗೆ ಉದ್ದದ ಅವಧಿ, ಸಣ್ಣ ಕಂತು ಇಟ್ಟುಕೊಂಡು, ಅಡಕೆ ಕೊಟ್ಟ ತಿಂಗಳು ದೊಡ್ಡ ಮೊತ್ತ ಅಸಲಿಗೆ ಕಟ್ಟುವುದು ಸರಿ ಹೊಂದುತ್ತದೆ. ಕಟ್ಟುವಾಗ ‘ಇದು ಅಸಲಿಗೆ’ ಎಂದು ಬರೆದು ಕೊಡಿ, ಇಲ್ಲದಿದ್ದರೆ ಮುಂದಿನ ಕಂತುಗಳಿಗೆ ಮುಂಗಡವಾಗಿ ಹಾಕಿಕೊಳ್ಳುವುದೂ ಉಂಟು.