ಪಾಸ್‌ವರ್ಡ್ ಸರಿ ಇತ್ತು, ಸರ್ವರ್ ಬೇರೆ ಇತ್ತು

ಡೇಟಾಬೇಸ್ ಓಡುತ್ತಿದ್ದ ಕಂಟೇನರ್ ನಿಲ್ಲಿಸಿದ ಮೇಲೂ ಆ್ಯಪ್‌ನಲ್ಲಿ ಅದೇ ಎರರ್ ಬಂತು. ವಿಷಯ ಏನು ಅಂತ ನನಗೆ ಹೊಳೆದದ್ದು ಆಗ. ಅಷ್ಟರಲ್ಲಿ ಅರ್ಧ ದಿನ ಕಳೆದಿತ್ತು.

ಹೊಸ ಪ್ರಾಜೆಕ್ಟ್‌ಗೆ ಸೇರಿದ್ದೆ. ಮ್ಯಾಕ್ ಲ್ಯಾಪ್‌ಟಾಪ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ ಅನ್ನಿ), ಪೋರ್ಟ್ ಅಂದರೆ ಕರೆ ಬರುವ ಬಾಗಿಲಿನ ಸಂಖ್ಯೆ 5432. ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವ ಕಂಪೋಸ್ ಫೈಲ್ ತಂಡದವರೇ ಕೊಟ್ಟಿದ್ದರು. ಕಂಟೇನರ್ ಏನೂ ತಕರಾರಿಲ್ಲದೆ ಶುರುವಾಯಿತು. ಆದರೆ ಆ್ಯಪ್ ಓಡಿಸಿದರೆ ‘ರೋಲ್ ಪೋಸ್ಟ್‌ಗ್ರೆಸ್ ಡಸ್ ನಾಟ್ ಎಕ್ಸಿಸ್ಟ್’ ಅನ್ನುತ್ತಿತ್ತು. ಅಂದರೆ ಪೋಸ್ಟ್‌ಗ್ರೆಸ್ ಅನ್ನೋ ಹೆಸರಿನ ಯೂಸರ್ ಇಲ್ಲವೇ ಇಲ್ಲವಂತೆ. ಕಂಟೇನರ್ ಒಳಗೆ ಹೋಗಿ ಪಿಎಸ್‌ಕ್ಯುಎಲ್ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಕಮಾಂಡ್) ತೆರೆದು ನೋಡಿದೆ. ಯೂಸರ್ ಇದೆ, ಡೇಟಾಬೇಸ್ ಇದೆ, ಎಲ್ಲ ಸರಿಯಾಗಿದೆ. ಹೊರಗಿನಿಂದ ಹೋದರೆ ಮಾತ್ರ ಇಲ್ಲ.

ಮೊದಲು ಹಳೆಯ ವಾಲ್ಯೂಮ್, ಅಂದರೆ ಕಂಟೇನರ್‌ನ ಡೇಟಾ ಉಳಿದಿರುವ ಜಾಗದ ಮೇಲೆ ಅನುಮಾನ ಬಂತು. ಅದಕ್ಕೆ ಕಾರಣವೂ ಇತ್ತು. ಈ ಇಮೇಜ್‌ಗೆ (ಕಂಟೇನರ್ ತಯಾರಾಗುವ ಅಚ್ಚು) ನಾವು ಕೊಡುವ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಲೆಕ್ಕಕ್ಕೆ ಬರುವುದು ಮೊದಲ ಸಲ, ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ. ಆಮೇಲೆ ಕಂಪೋಸ್ ಫೈಲ್‌ನಲ್ಲಿ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಒಳಗೆ ಹಳೆಯದೇ ಇರುತ್ತದೆ. ಹಾಗಾಗಿ ವಾಲ್ಯೂಮ್ ಅಳಿಸಿ, ಹೊಸದಾಗಿ ಕಂಟೇನರ್ ಎಬ್ಬಿಸಿದೆ. ಮತ್ತೆ ಅದೇ ಎರರ್. ಇಮೇಜ್ ಮತ್ತೆ ಡೌನ್‌ಲೋಡ್ ಮಾಡಿದೆ. ಪಾಸ್‌ವರ್ಡ್‌ನಲ್ಲಿದ್ದ ವಿಶೇಷ ಚಿಹ್ನೆ ತೆಗೆದೆ. ಏನೂ ಬದಲಾಗಲಿಲ್ಲ.

ಊಟಕ್ಕೆ ಹೋಗುವ ಮುಂಚೆ ಕಂಟೇನರ್ ನಿಲ್ಲಿಸಿದ್ದೆ. ವಾಪಸ್ ಬಂದು, ಅದನ್ನು ಶುರು ಮಾಡೋದು ಮರೆತು ಆ್ಯಪ್ ಓಡಿಸಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬರಬೇಕಿತ್ತು, ಅಲ್ವಾ? ಬರಲಿಲ್ಲ. ರೋಲ್ ಇಲ್ಲ ಅಂತಲೇ ಬಂತು. ರೋಲ್ ಇಲ್ಲ ಅಂತ ಹೇಳೋದಕ್ಕೂ ಅಲ್ಲೊಂದು ಪೋಸ್ಟ್‌ಗ್ರೆಸ್ ಇರಲೇಬೇಕಲ್ಲ. ಬೆಳಗ್ಗೆಯಿಂದ ನಾನು ಬಾಗಿಲು ಬಡಿಯುತ್ತಿದ್ದದ್ದು ಬೇರೆ ಯಾರದೋ ಮನೆಯದ್ದು.

ಯಾವ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಂ ಕೂತಿದೆ ಅಂತ ತೋರಿಸಲು ಎಲ್‌ಎಸ್‌ಒಎಫ್ ಅನ್ನೋ ಕಮಾಂಡ್ ಇದೆ. ಕಂಟೇನರ್ ಮತ್ತೆ ಶುರು ಮಾಡಿ, 5432ರಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಮೂರು ಸಾಲು ಬಂತು. ಒಂದು ಡಾಕರ್‌ದು, ಅದರ ಮುಂದೆ *:5432 ಅಂತ ಇತ್ತು. ಉಳಿದೆರಡು ಪೋಸ್ಟ್‌ಗ್ರೆಸ್‌ದೇ: 127.0.0.1:5432 ಮತ್ತು [::1]:5432. ಇವೆರಡೂ ಇದೇ ಲ್ಯಾಪ್‌ಟಾಪ್‌ನ ಒಳಗಿನ ವಿಳಾಸಗಳು. ಹಿಂದೊಂದು ಕೆಲಸಕ್ಕೆ ನಾನೇ ಹೋಮ್‌ಬ್ರೂ (ಮ್ಯಾಕ್‌ಗೆ ಸಾಫ್ಟ್‌ವೇರ್ ಹಾಕುವ ಸಾಧನ) ಮೂಲಕ ಪೋಸ್ಟ್‌ಗ್ರೆಸ್ 14 ಹಾಕಿಕೊಂಡಿದ್ದೆ. ಬ್ರೂ ಸರ್ವಿಸಸ್‌ನಲ್ಲಿ ಒಮ್ಮೆ ಸ್ಟಾರ್ಟ್ ಕೊಟ್ಟರೆ ಅದು ಪ್ರತಿ ಲಾಗಿನ್‌ಗೂ ತಾನಾಗಿಯೇ ಶುರುವಾಗುತ್ತದೆ. ಅಷ್ಟು ದಿನವೂ ಅದು ಹಿನ್ನೆಲೆಯಲ್ಲಿ ಓಡುತ್ತಲೇ ಇತ್ತು. ಹೋಮ್‌ಬ್ರೂ ಮಾಡಿಕೊಡುವ ಪೋಸ್ಟ್‌ಗ್ರೆಸ್‌ನಲ್ಲಿ ಮುಖ್ಯ ಯೂಸರ್ ಅಂದರೆ ನಮ್ಮ ಮ್ಯಾಕ್ ಲಾಗಿನ್ ಹೆಸರು. ಪೋಸ್ಟ್‌ಗ್ರೆಸ್ ಅನ್ನೋ ರೋಲ್ ಅಲ್ಲಿ ಇರೋದೇ ಇಲ್ಲ. ಎರರ್ ಹೇಳುತ್ತಿದ್ದದ್ದು ನೂರಕ್ಕೆ ನೂರು ನಿಜ.

ಹಾಗಾದರೆ ಒಂದೇ ಪೋರ್ಟ್‌ನಲ್ಲಿ ಇಬ್ಬರು ಕೂರೋದು ಹೇಗೆ? ಡಾಕರ್ ಕೇಳಿದ್ದು ಎಲ್ಲ ವಿಳಾಸಗಳ 5432. ಹಳೆಯ ಸರ್ವರ್ ಹಿಡಿದದ್ದು 127.0.0.1 ಮತ್ತು ::1 ಅನ್ನೋ ನಿಖರ ವಿಳಾಸಗಳ 5432. ಮ್ಯಾಕ್‌ನಲ್ಲಿ ಇವೆರಡೂ ಒಟ್ಟಿಗೆ ಇರಬಹುದು, ಮತ್ತು ನಿಖರ ವಿಳಾಸ ಹಿಡಿದವರಿಗೇ ಕರೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಆಗಿದ್ದರೆ ಪೋರ್ಟ್ ಬಳಕೆಯಲ್ಲಿದೆ ಅಂತ ಕಂಟೇನರ್ ಶುರುವಾಗುವಾಗಲೇ ಎರರ್ ಬರುತ್ತಿತ್ತು, ಸಮಸ್ಯೆ ಅಲ್ಲೇ ಸಿಕ್ಕಿಬಿಡುತ್ತಿತ್ತು.

ನಿಜವಾಗಿ ಗಾಬರಿಯಾದದ್ದು ಆಮೇಲೆ. ನನ್ನ ಮ್ಯಾಕ್ ಹೆಸರಿನಲ್ಲಿ, ಬೇಕಂತಲೇ ತಪ್ಪು ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಮಾಡಿದೆ. ಸುಮ್ನೆ ಒಳಗೆ ಬಿಟ್ಟಿತು! ಹೋಮ್‌ಬ್ರೂ ಸರ್ವರ್‌ನಲ್ಲಿ ಲೋಕಲ್ ಕನೆಕ್ಷನ್‌ಗೆ ‘ಟ್ರಸ್ಟ್’ ಅನ್ನೋ ಸೆಟ್ಟಿಂಗ್ ಇರುತ್ತದೆ, ಅದು ಪಾಸ್‌ವರ್ಡ್ ಕೇಳೋದೇ ಇಲ್ಲ. ಹೊಸ ಪ್ರಾಜೆಕ್ಟ್‌ನ ಯೂಸರ್ ಹೆಸರು, ಡೇಟಾಬೇಸ್ ಹೆಸರು ಅಕಸ್ಮಾತ್ ಹಳೆಯದಕ್ಕೆ ಹೊಂದಿಬಿಟ್ಟಿದ್ದರೆ? ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್) ಹಳೆಯ ಡೇಟಾ ಮೇಲೆ ಓಡಿ, ಎಲ್ಲ ಸರಿಯಾಯಿತು ಅಂತ ಹಸಿರು ಟಿಕ್ ತೋರಿಸುತ್ತಿತ್ತು. ಎರರ್ ಬಂದದ್ದು ನನ್ನ ಪುಣ್ಯ.

ಸರಿ ಮಾಡಿದ್ದು ಐದು ನಿಮಿಷದ ಕೆಲಸ. ಹಳೆಯದನ್ನು ಪಿಜಿ ಡಂಪ್‌ನಿಂದ ಬ್ಯಾಕಪ್ ತೆಗೆದು, ಬ್ರೂ ಸರ್ವಿಸಸ್‌ನಲ್ಲಿ ಸ್ಟಾಪ್ ಮಾಡಿದೆ. ಕಂಪೋಸ್ ಫೈಲ್‌ನಲ್ಲಿ 5432:5432 ಇದ್ದದ್ದನ್ನು 127.0.0.1:5433:5432 ಮಾಡಿದೆ. ನಡುವಿನ 5433 ನನ್ನ ಲ್ಯಾಪ್‌ಟಾಪ್‌ನ ಪೋರ್ಟ್, ಬಲಗಡೆಯ 5432 ಕಂಟೇನರ್ ಒಳಗಿನದು. ಶುರುವಿನಲ್ಲಿ 127.0.0.1 ಹಾಕಿದ್ದರಿಂದ ಅದೇ ವೈಫೈನಲ್ಲಿರುವ ಬೇರೆಯವರಿಗೆ ಡೇಟಾಬೇಸ್ ಕಾಣುವುದಿಲ್ಲ. ಒಂದು ವಿಷಯ ನೆನಪಿರಲಿ: ಆ್ಯಪ್ ಕೂಡ ಅದೇ ಕಂಪೋಸ್‌ನ ಒಳಗೆ ಓಡುತ್ತಿದ್ದರೆ ಅದಕ್ಕೆ 5433 ಬೇಡ. ಅದು ಸರ್ವಿಸ್ ಹೆಸರು (ಕಂಪೋಸ್ ಫೈಲ್‌ನಲ್ಲಿ ಡೇಟಾಬೇಸ್‌ಗೆ ಕೊಟ್ಟ ಹೆಸರು) ಮತ್ತು 5432 ಬಳಸಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ.

ಈಗ ಯಾವ ಡೇಟಾಬೇಸ್‌ಗೆ ಕನೆಕ್ಟ್ ಆದರೂ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ‘ಸೆಲೆಕ್ಟ್ ವರ್ಷನ್’, ಇನ್ನೊಂದು ‘ಶೋ ಡೇಟಾ ಡೈರೆಕ್ಟರಿ’ (ಟೈಪ್ ಮಾಡುವಾಗ ಡೇಟಾ ಮತ್ತು ಡೈರೆಕ್ಟರಿ ನಡುವೆ ಅಂಡರ್‌ಸ್ಕೋರ್). ಹೋಮ್‌ಬ್ರೂದಾದರೆ ವರ್ಷನ್ ಸಾಲಿನಲ್ಲಿ ಆ್ಯಪಲ್ ಅಂತ ಇರುತ್ತದೆ, ಕಂಟೇನರ್‌ದಾದರೆ ಲಿನಕ್ಸ್ ಅಂತ. ಊಹೆ ಮಾಡೋ ಕೆಲಸವೇ ಇಲ್ಲ.

ಕೆಲವು ತಿಂಗಳ ನಂತರ ತಂಡದ ಹುಡುಗಿಯೊಬ್ಬಳು ಉಬುಂಟು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. “ಅಣ್ಣಾ, ಪಾಸ್‌ವರ್ಡ್ ಸರಿಯಾಗೇ ಇದೆ. ಬೇಕಾದ್ರೆ ನೀವೇ ನೋಡಿ” ಅಂದಳು. ಅವಳದು ಮೈಎಸ್‌ಕ್ಯುಎಲ್ ಅನ್ನೋ ಬೇರೆ ಡೇಟಾಬೇಸ್. ಸಿಸ್ಟಮ್‌ನದು 3306ರಲ್ಲಿ, ಕಂಟೇನರ್‌ನದು 3307ರಲ್ಲಿ. ಪೋರ್ಟ್ ಬೇರೆ ಬೇರೆ, ಜಗಳಕ್ಕೆ ಕಾರಣವೇ ಇಲ್ಲ. ಆದರೂ ಆ್ಯಕ್ಸೆಸ್ ಡಿನೈಡ್. ಎರರ್ ಸಾಲನ್ನು ನಿಧಾನವಾಗಿ ಓದಿದೆವು. ಅದರಲ್ಲಿ ‘ರೂಟ್@ಲೋಕಲ್‌ಹೋಸ್ಟ್’ ಅಂತ ಇತ್ತು. ರೂಟ್ ಅಂದರೆ ಮುಖ್ಯ ಯೂಸರ್, ಲೋಕಲ್‌ಹೋಸ್ಟ್ ಅಂದರೆ ಇದೇ ಕಂಪ್ಯೂಟರ್. ಡಾಕರ್ ಪೋರ್ಟ್ ಮೂಲಕ ಕಂಟೇನರ್‌ಗೆ ಹೋಗಿದ್ದರೆ ಅಲ್ಲಿ ಸಾಮಾನ್ಯವಾಗಿ 172ರಿಂದ ಶುರುವಾಗುವ ಡಾಕರ್ ವಿಳಾಸ ಇರಬೇಕಿತ್ತು.

ಲಿನಕ್ಸ್‌ನಲ್ಲಿ ಮೈಎಸ್‌ಕ್ಯುಎಲ್ ಕ್ಲೈಂಟ್‌ಗೆ ಲೋಕಲ್‌ಹೋಸ್ಟ್ ಅಂದರೆ ನೆಟ್‌ವರ್ಕ್ ಅಲ್ಲ, ಸಾಕೆಟ್ ಫೈಲ್, ಅಂದರೆ ಅದೇ ಕಂಪ್ಯೂಟರ್‌ನ ಪ್ರೋಗ್ರಾಂಗಳು ನೇರವಾಗಿ ಮಾತಾಡುವ ಒಳದಾರಿ. ನಾವು 3307 ಅಂತ ಪೋರ್ಟ್ ಕೊಟ್ಟರೂ ಅದನ್ನು ಬದಿಗಿಟ್ಟು ಸಾಕೆಟ್ ಮೂಲಕ ಸಿಸ್ಟಮ್ ಸರ್ವರ್‌ಗೇ ಹೋಗುತ್ತದೆ. ಉಬುಂಟುವಿನಲ್ಲಿ ಆ ಸರ್ವರ್‌ನ ರೂಟ್‌ಗೆ ಪಾಸ್‌ವರ್ಡ್ ನಡೆಯುವುದಿಲ್ಲ, ಸುಡೋ (ಅಡ್ಮಿನ್ ಆಗಿ ಕಮಾಂಡ್ ಓಡಿಸುವ ವಿಧಾನ) ಬೇಕು. ಲೋಕಲ್‌ಹೋಸ್ಟ್ ಅಳಿಸಿ 127.0.0.1 ಅಂತ ಟೈಪ್ ಮಾಡು ಅಂದೆ. ಎಂಟರ್ ಒತ್ತಿದಳು, ಪ್ರಾಂಪ್ಟ್ ಬಂತು. ‘ಸ್ಟೇಟಸ್’ ಕೊಟ್ಟು ನೋಡಿದಾಗ ‘ವಯಾ ಟಿಸಿಪಿ/ಐಪಿ’, ಅಂದರೆ ನೆಟ್‌ವರ್ಕ್ ಮೂಲಕ, ಅನ್ನೋ ಮಾತು ಅಲ್ಲಿ ಕಂಡಿತು. ಅದೇ ಸಂಜೆ ಪ್ರಾಜೆಕ್ಟ್‌ನ ಸೆಟಪ್ ಫೈಲ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಇದ್ದ ಕಡೆಯೆಲ್ಲ ಅವಳೇ 127.0.0.1 ಅಂತ ತಿದ್ದಿ ಹಾಕಿದಳು.