ಬೀದರಿಗೆ ಬಂದ ಪರದೇಶಿ ಅತಿಥಿಗೆ ಊರು ತೋರಿಸುವ ಬಗೆ

1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಾಟಕ್ಕೊಂದು ಕುದುರೆ ಹಿಡಿದುಕೊಂಡು ಬೀದರಿಗೆ ಬಂದಿದ್ದ. ಅರಮನೆಯ ಕೆತ್ತನೆ, ಚಿನ್ನದ ಬಣ್ಣ ನೋಡಿ ಬೆರಗಾದ. ಅಮೀರರ ಐಷಾರಾಮ, ಹಳ್ಳಿಗರ ಬಡತನ ಎರಡನ್ನೂ ಬರೆದಿಟ್ಟ. ತನ್ನ ಧರ್ಮ ಯಾವುದೆಂದು ಬಿಚ್ಚಿ ಹೇಳಿದ ಮೇಲೆ ಇಲ್ಲಿನ ಹಿಂದೂಗಳು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಎಂದೂ ಬರೆದ. ವಾಪಸಾಗುವಾಗ ತನ್ನೂರು ಮುಟ್ಟುವ ಮೊದಲೇ ತೀರಿಕೊಂಡ. ಅವನ ಬರಹ ಮಾತ್ರ ಉಳಿಯಿತು, ಅದರೊಳಗೆ ಬೀದರೂ ಉಳಿಯಿತು.

ಬೆದರಿಕೆ, ಹಣ ಎರಡೂ ಇಲ್ಲದೆ ಆಕರ್ಷಣೆಯಿಂದಲೇ ಪರರನ್ನು ಒಲಿಸಿಕೊಳ್ಳುವ ದೇಶದ ಬಲಕ್ಕೆ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜೋಸೆಫ್ ನೈ 1990ರಲ್ಲಿ ‘ಸಾಫ್ಟ್ ಪವರ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಮೃದುಶಕ್ತಿ ಎನ್ನೋಣ. ರಾಯಭಾರ ಕಚೇರಿಗಳು ಮಾಡುವ ಈ ಕೆಲಸದ ದೊಡ್ಡ ಪಾಲು ಬೀದರಿನಲ್ಲಿ ಕೋಟೆಯ ಗೈಡು, ಆಟೊ ಚಾಲಕ, ಹೋಂಸ್ಟೇ ಯಜಮಾನ್ತಿ, ಬಿದ್ರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಇಲ್ಲಿನ ಕುಸುರಿ) ಅಂಗಡಿಯವರ ಕೈಯಲ್ಲಿದೆ. ಈ ಕೈಪಿಡಿ ಅವರಿಗಾಗಿ.

ಹೊರಡುವ ಮೊದಲೇ ಕೇಳಬೇಕಾದ್ದು

ಬುಕಿಂಗ್ ಆದ ದಿನವೇ ವಾಟ್ಸಾಪಿನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಯಾವ ಆಹಾರ ಮೈಗೆ ಆಗುವುದಿಲ್ಲ? ಮೆಟ್ಟಿಲು ಹತ್ತಿ, ಮೂರು ತಾಸು ನಡೆಯಬಲ್ಲಿರಾ? ಯಾವುದರಲ್ಲಿ ಆಸಕ್ತಿ? ಎಷ್ಟು ಹೊತ್ತಿಗೆ ವಾಪಸ್ ಹೊರಡಬೇಕು? ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಬರುವಂತೆ ಹೇಳಿ. ಏಪ್ರಿಲ್–ಮೇ ಬಿಸಿಲು ಎಂಥದೆಂದು ಮುಚ್ಚುಮರೆಯಿಲ್ಲದೆ ತಿಳಿಸಿ. ದೂರದ ವಿಷಯದಲ್ಲಂತೂ ‘ಇಲ್ಲೇ ಐದು ಮಿನಿಟು’ ಎನ್ನುವ ರೂಢಿ ಬಿಡಬೇಕು. ಹೈದರಾಬಾದಿನಿಂದ ರಸ್ತೆಯಲ್ಲಿ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 110 ಕಿ.ಮೀ. ಎಂದು ಅಂಕಿಯಲ್ಲೇ ಹೇಳಿ, ಚಹಾಕ್ಕೆ ನಿಲ್ಲುವ ಹೊತ್ತನ್ನೂ ಕೂಡಿಸಿ. ಅವರ ಲೆಕ್ಕದಲ್ಲಿ ಐದು ನಿಮಿಷವೆಂದರೆ ಐದೇ ನಿಮಿಷ.

ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ಚಾರಣಿಗರು ಗೊತ್ತಿಲ್ಲದೆ ತಂದು ಠಾಣೆ ಮೆಟ್ಟಿಲು ಹತ್ತುತ್ತಾರೆ. ಡ್ರೋನೂ ಬೇಡ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ವಿಮಾನ ನಿಲ್ದಾಣವೂ ಅದರೊಳಗೇ. ಆ ಕಡೆ ಕ್ಯಾಮೆರಾ ಎತ್ತಬಾರದೆಂದು ಮೊದಲೇ ಎಚ್ಚರಿಸಿ.

ಮನೆಯಲ್ಲಿ ಇಳಿಸಿಕೊಂಡರೆ, ಬಂದ 24 ಗಂಟೆಯೊಳಗೆ ವಿದೇಶಿ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಮಾಹಿತಿ ತುಂಬಬೇಕು. ಲಾಡ್ಜಿನವರು ಇದನ್ನು ‘ಸಿ ಫಾರ್ಮ್’ ಎನ್ನುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಭಾರತಕ್ಕೆ ಬಂದ ದಿನ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಎಂಬುದೆಲ್ಲ ಬೇಕು. ಹಾದಿ ತಪ್ಪುವುದು ಇಲ್ಲಿಯೇ: ಮನೆಯವರು ನೋಂದಣಿ ಮಾಡಿರುವುದಿಲ್ಲ, ರಾತ್ರಿ ಹತ್ತಕ್ಕೆ ಅತಿಥಿಯನ್ನು ಸಾಮಾನು ಸಮೇತ ಬೇರೆ ಲಾಡ್ಜಿಗೆ ಕಳಿಸುತ್ತಾರೆ. ಅಲ್ಲಿಗೆ ಆ ದಿನ ನೋಡಿದ ಕೋಟೆಯೆಲ್ಲ ಮರೆತುಹೋಗುತ್ತದೆ. ಐಡಿ, ಪಾಸ್‌ವರ್ಡ್ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಅವರ ಊರಿನ ಎಳೆ ಹಿಡಿಯುವುದು

ಎಲ್ಲರಿಗೂ ಒಂದೇ ಪಾಠ ಒಪ್ಪಿಸುವುದು ನಮ್ಮ ಗೈಡುಗಳ ದೊಡ್ಡ ಕೊರತೆ. ಇಸವಿಗಳ ಸರಮಾಲೆ ಯಾರ ತಲೆಯಲ್ಲೂ ನಿಲ್ಲದು. ‘ನಿಮ್ಮವರೊಬ್ಬರು ಇಲ್ಲಿದ್ದರು’ ಎಂದರೆ ಮರೆಯಲಾರರು. ಬೀದರಿಗೆ ಈ ವಿಷಯದಲ್ಲಿ ಇರುವ ಸಂಪತ್ತು ದೊಡ್ಡ ದೊಡ್ಡ ಊರುಗಳಿಗೂ ಇಲ್ಲ.

ಇರಾನಿನವರು ಬಂದರೆ ಮಹಮೂದ್ ಗವಾನನ ಮದರಸಾದಿಂದ ಶುರುಮಾಡಿ. ಗವಾನ್ ಇರಾನಿನ ಗೀಲಾನಿನವನು, ಬೀದರಿನಿಂದ ಆಳಿದ ಬಹಮನಿ ಸುಲ್ತಾನರ ಮಂತ್ರಿ. 1472ರ ಈ ಕಟ್ಟಡದ ಗೋಡೆಯ ಹೆಂಚಿನ ನೀಲಿ ಬಣ್ಣ ಅವರಿಗೆ ಕೂಡಲೇ ಗುರುತು ಸಿಗುತ್ತದೆ. ಆಮೇಲೆ ನೌಬಾದಿನ ಕರೇಜ್. ನೆಲದಡಿಯ ಈ ನೀರಿನ ಸುರಂಗ ಅವರ ‘ಕನಾತ್’ ಪದ್ಧತಿಯದೇ. ಇಥಿಯೋಪಿಯಾದವರಿಗೆ ಹಬ್ಶಿಕೋಟ್ ಗುಡ್ಡ ತೋರಿಸಿ. ಅಬಿಸೀನಿಯಾದಿಂದ ಬಂದು ದಖ್ಖನಿನಲ್ಲಿ ಸರದಾರರಾದವರ ಗೋರಿಗಳು ಅಲ್ಲಿವೆ, ಆಫ್ರಿಕಾದವರು ಇಲ್ಲಿ ಅಧಿಕಾರ ನಡೆಸಿದ್ದರು ಎಂಬುದು ಹಲವರಿಗೆ ಹೊಸ ಸಂಗತಿ. ಕೆನಡಾದ ಪಂಜಾಬಿಗಳು ನಾನಕ್ ಝೀರಾ ಗುರುದ್ವಾರ ಹುಡುಕಿಕೊಂಡೇ ಬರುತ್ತಾರೆ. ರಷ್ಯನ್ನರಿಗೆ ನಿಕಿತಿನ್ ಸಾಕು. ಜಪಾನ್, ಥಾಯ್ಲೆಂಡ್, ಶ್ರೀಲಂಕಾದ ಬೌದ್ಧರಾದರೆ ಇನ್ನೊಂದು ದಿನ ಇಟ್ಟುಕೊಂಡು ಕಲಬುರಗಿ ಕಡೆಯ ಸನ್ನತಿ–ಕನಗನಹಳ್ಳಿಗೆ ಕರೆದೊಯ್ಯಿರಿ. ‘ರಾಯ ಅಸೋಕ’ ಎಂಬ ಬರಹದೊಂದಿಗೆ ಅಶೋಕನ ಶಿಲ್ಪ ಸಿಕ್ಕ ಜಾಗ ಅದು. ಒಂದೇ ದಿನದಲ್ಲಿ ಬೀದರನ್ನೂ ಅದನ್ನೂ ತುರುಕಬೇಡಿ.

ದಿನದ ಹೊಂದಿಕೆ ಹೀಗಿರಲಿ: ಬಾಗಿಲು ತೆರೆದ ಕೂಡಲೇ ಕೋಟೆ, ಬಿಸಿಲೇರುವ ಮೊದಲು ಮದರಸಾ, ಊಟ, ಎರಡು ತಾಸು ವಿಶ್ರಾಂತಿ, ನಾಲ್ಕಕ್ಕೆ ಬಿದ್ರಿ ಕೆಲಸದ ಮನೆ, ಸಂಜೆ ಬೆಳಕಿಗೆ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗುಮ್ಮಟಗಳು. ಕೋಟೆಯ ರಂಗೀನ್ ಮಹಲಿಗೆ ಬೀಗ ಬಿದ್ದಿರುವುದೇ ಹೆಚ್ಚು. ಹಿಂದಿನ ದಿನವೇ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕಪ್ಪು ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ನೋಡದೆ ಹೋದರೆ ಅರ್ಧ ಬೀದರ್ ನೋಡಿದಂತೆ.

ಅಷ್ಟೂರಿನಲ್ಲಿ ಸುಲ್ತಾನ ಅಹಮದ್ ಶಾಹ ವಲಿಯ ಗುಮ್ಮಟದೊಳಗೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಮಾತಾಡಬೇಡಿ. ನಿಧಾನಕ್ಕೆ ಬಣ್ಣ, ಬಂಗಾರದ ಅಕ್ಷರ ತಾವಾಗಿ ಕಾಣಿಸುತ್ತವೆ. ಆಮೇಲೆ ಉರುಸಿನ ವಿಷಯ ಹೇಳಿ: ಮಡಿಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ, ಮುಸಲ್ಮಾನರಿಗೆ ವಲಿ, ಅಂದರೆ ಸಂತನಾದವನು ಲಿಂಗಾಯತರಿಗೆ ಅಲ್ಲಮಪ್ರಭು. ಭಾರತವೆಂದರೆ ಬರೀ ಜಗಳ ಎಂದು ಸುದ್ದಿಯಲ್ಲಿ ಓದಿ ಬಂದವರ ಮುಂದೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ದರ್ಗಾ, ಗುರುದ್ವಾರಗಳಿಗಾಗಿ ತಲೆ ಮುಚ್ಚಲು ಎರಡು ಒಗೆದ ಹತ್ತಿಯ ಓಢಣಿ ಚೀಲದಲ್ಲಿರಲಿ. ಹಾಗೆಯೇ ಸ್ವಚ್ಛ ಶೌಚಾಲಯ ಎಲ್ಲೆಲ್ಲಿದೆ ಎಂಬುದನ್ನು ಹಿಂದಿನ ದಿನ ಖುದ್ದಾಗಿ ನೋಡಿಕೊಂಡಿರಿ. ಹೆಣ್ಣುಮಕ್ಕಳು ಇದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟು, ಬಿಸಿಲಿಗೆ ತಲೆ ತಿರುಗಿ ಬೀಳುತ್ತಾರೆ. ಅಂಥ ಹೊತ್ತಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ.

ತಾಟಿನಲ್ಲಿ ಏನಿದೆಯೆಂದು ಹೇಳಿ

ನಮ್ಮ ಕಡೆಯ ಊಟದಲ್ಲಿ ಶೇಂಗಾ ಕಣ್ಣಿಗೆ ಬೀಳದಂತೆ ಕೂತಿರುತ್ತದೆ: ಎಣ್ಣೆಗಾಯಿಯ ಮಸಾಲೆಯಲ್ಲಿ, ಹಿಂಡಿಯಲ್ಲಿ, ಒಗ್ಗರಣೆಯ ಎಣ್ಣೆಯಲ್ಲಿ. ಶೇಂಗಾ ಆಗದವರಿಗೆ ಚಿಟಿಕೆ ಪುಡಿಯೂ ಉಸಿರುಗಟ್ಟಿಸಬಲ್ಲದು, ಪ್ರಾಣಕ್ಕೇ ಕುತ್ತು. ‘ಸ್ವಲ್ಪ ತಿಂದರೆ ಏನಾಗಲ್ಲ’ ಎಂಬ ಪ್ರೀತಿಯ ಒತ್ತಾಯ ಇಲ್ಲಿ ಸಲ್ಲದು. ಅಂಥವರಿಗೆ ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಚಮಚ. ಗೋಧಿ ಆಗದವರಿಗೆ ಜೋಳದ ರೊಟ್ಟಿ ವರವೇ ಸರಿ. ಆದರೆ ಖಾನಾವಳಿಯಲ್ಲಿ ಹಿಟ್ಟಿಗೆ ಗೋಧಿ ಬೆರೆಸಿಲ್ಲವೆಂದು ಕೇಳಿಕೊಳ್ಳಿ. ಖಾರವನ್ನು ಪಲ್ಯದಲ್ಲೇ ಕಡಿಮೆ ಮಾಡಿದರೆ ರುಚಿ ಕೆಡುತ್ತದೆ. ಮೊಸರು, ಬೆಣ್ಣೆ ಪಕ್ಕಕ್ಕಿಡುವುದು ಮೇಲು. 2019ರಲ್ಲಿ ಜಿಐ (ಆ ಊರಿನದೇ ಎಂಬ ಭೌಗೋಳಿಕ ಗುರುತು) ಪಡೆದ ಕಲಬುರಗಿ ತೊಗರಿಬೇಳೆಯನ್ನು ಹೆಸರು ಹೇಳಿ ಬಡಿಸಿ.

ಬಿದ್ರಿ ಅಂಗಡಿಯಲ್ಲಿ

ಮಾರುವ ಮೊದಲು ಮಾಡುವುದನ್ನು ತೋರಿಸಿ. ಲೋಹ ಸತುವು ಮತ್ತು ತಾಮ್ರದ್ದು, ಹೆಚ್ಚುಕಡಿಮೆ 16ಕ್ಕೆ 1ರ ಪ್ರಮಾಣ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಪೂರ್ತಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂಡಿಸಿ ಬಡಿದು ಮತ್ತೆ ಉಜ್ಜಿದಾಗ ಎಲ್ಲ ಬೆಳ್ಳಗೆ, ಚಿತ್ತಾರವೇ ಕಾಣದು. ಕೊನೆಗೆ ಕೋಟೆಯೊಳಗಿನ ಬಿಸಿಲು ಮಳೆ ತಾಗದ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ತಿಕ್ಕುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಮಿನುಗುತ್ತದೆ. ಅತಿಥಿ ಈ ಕ್ಷಣಕ್ಕೆ ಅಲ್ಲಿರುವಂತೆ ಕುಶಲಕರ್ಮಿಯೊಂದಿಗೆ ಹೊತ್ತು ಗೊತ್ತುಮಾಡಿಕೊಳ್ಳಿ. ಬಿದ್ರಿಗೆ 2006ರಲ್ಲಿ ಜಿಐ ಸಿಕ್ಕಿದ್ದು, 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿದ್ದು ಆಮೇಲಿನ ಮಾತು.

ಹೆಸರು ಕೆಡುವುದು ಕಮಿಷನ್ನಿನಿಂದ. ಗೈಡಿನ ಪಾಲು ಸೇರಿ ಬೆಲೆ ಏರುತ್ತದೆ, ಅತಿಥಿ ರಾತ್ರಿ ಫೋನಿನಲ್ಲಿ ಅದೇ ಸಾಮಾನಿನ ಬೆಲೆ ನೋಡುತ್ತಾನೆ. ಮೋಸ ಮಾಡಿದ್ದು ಒಬ್ಬ ಗೈಡ್ ಎಂದು ಅವನು ಊರಿಗೆ ಹೋಗಿ ಹೇಳುವುದಿಲ್ಲ, ‘ಇಂಡಿಯಾದಲ್ಲಿ ಹೀಗೆ’ ಎನ್ನುತ್ತಾನೆ. ದಿನದ ಸಂಬಳ ಬೆಳಿಗ್ಗೆಯೇ ಅಂಕಿಯಲ್ಲಿ ಹೇಳಿ, ಅಂಗಡಿಯಿಂದ ಏನೂ ಮುಟ್ಟುವುದಿಲ್ಲ ಎಂದೂ ಹೇಳಿ.

ಬಿಲ್ಲಿನಲ್ಲಿ ತಾರೀಖು, ಸಾಮಾನಿನ ಹೆಸರು, ‘ಹೊಸದಾಗಿ ತಯಾರಿಸಿದ್ದು’ ಎಂಬ ಸಾಲು ಇಂಗ್ಲಿಷಿನಲ್ಲಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಕಪ್ಪು ಹೂಜಿಯೊಂದು ಕಸ್ಟಮ್ಸ್ ಕಣ್ಣಿಗೆ ಪುರಾತನದಂತೆಯೇ ಕಾಣುತ್ತದೆ. ನೀರು, ಹುಣಸೆ, ಬೆಳ್ಳಿ ಪಾಲಿಷ್ ತಾಗಿಸದೆ ಆಗಾಗ ಕೊಬ್ಬರಿ ಎಣ್ಣೆ ಸವರಿ ಒಣ ಹತ್ತಿಬಟ್ಟೆಯಿಂದ ಒರೆಸಲು ಚೀಟಿ ಬರೆದು ಡಬ್ಬಿಯೊಳಗಿಡಿ. ಇಲ್ಲವಾದರೆ ವರ್ಷದೊಳಗೆ ಬೂದುಗಟ್ಟಿದ ಪಾತ್ರೆ ಅವರ ಮನೆಯ ಕಪಾಟಿನಲ್ಲಿ ನಮ್ಮ ಬಗ್ಗೆ ಬೇರೆಯೇ ಮಾತಾಡುತ್ತದೆ.

ಮಾತು, ಫೋಟೊ

ಕೋಟೆಯಲ್ಲಿ ಸೆಲ್ಫಿಗೆ ಮುತ್ತಿಕೊಳ್ಳುವ ಹುಡುಗರನ್ನು ಗದರಬೇಡಿ. ‘ಮೇಡಂ ಹೂಂ ಅಂದ್ರ ಎಲ್ಲಾರೂ ಸೇರಿ ಒಂದ ಫೋಟೊ’ ಎಂದು ನಡುವೆ ನಿಂತು ಮುಗಿಸಿ. ಬೇಡ ಎಂದರೆ ಬೇಡವೇ. ಅತಿಥಿಯೂ ಮಕ್ಕಳ ಫೋಟೊ ತೆಗೆಯುವ ಮೊದಲು ತಾಯಿಯನ್ನು ಕೇಳಲಿ.

ಕಂದಕದ ಕಸ, ಜಾತಿ, ಬಡತನದ ಬಗ್ಗೆ ಕೇಳಿದರೆ ಮಾತು ತಿರುಗಿಸಬೇಡಿ. ಇದೆ, ಇದಕ್ಕೆ ಇಂಥ ಕಾರಣ, ಇಷ್ಟು ಬದಲಾಗಿದೆ, ಇಷ್ಟು ಆಗಿಲ್ಲ ಎಂದು ಹೇಳಿ. ಅಲಂಕಾರದ ಉತ್ತರವನ್ನು ಅವರು ಕೂಡಲೇ ಗುರುತಿಸುತ್ತಾರೆ, ಆಮೇಲೆ ಗವಾನನ ಕಥೆಯನ್ನೂ ನಂಬುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಿ, ಸಂಜೆಯೊಳಗೆ ತಿಳಿದುಕೊಂಡು ಹೇಳಿ.

ಹೋದ ಮೂರನೇ ದಿನಕ್ಕೆ ಫೋಟೊಗಳನ್ನೂ ನೋಡಿದ ಜಾಗಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿ. ‘ಯಾವುದು ಕಷ್ಟವಾಯಿತು?’ ಎಂದು ಒಂದೇ ಪ್ರಶ್ನೆ ಕೇಳಿ. ಬಂದ ಉತ್ತರ ವಹಿಯಲ್ಲಿ ತಾರೀಖಿನ ಸಮೇತ ಬರೆದಿಟ್ಟು, ಮುಂದಿನ ಅತಿಥಿ ಬರುವ ಹಿಂದಿನ ರಾತ್ರಿ ತೆಗೆದು ಓದಿ.